ಮಾಣಿಯ ಹಾಡಿಗೊಂದು ಬೀದಿ

ಹಾಡಿನ ಉದ್ದ 3 ನಿಮಿಷ 45 ಸೆಕೆಂಡು. ವೇಗ ನಿಮಿಷಕ್ಕೆ 96 ಬಡಿತ. ಅಂದರೆ ಒಟ್ಟು 360 ಬಡಿತ, ನಾಲ್ಕು ನಾಲ್ಕರಂತೆ ಕಟ್ಟಿದರೆ 90 ಬಾರ್, ಒಂದೊಂದು ಬಾರಿಗೂ ಎರಡೂವರೆ ಸೆಕೆಂಡು. (ಬಾರ್ ಅಂದರೆ ಇಲ್ಲಿ ತಾಳದ ಒಂದು ಸುತ್ತು. ಮುಂಬಯಿ ಕನ್ನಡಿಗರಿಗೆ ಥಟ್ಟನೆ ನೆನಪಾಗುವ ಬಾರ್ ಅಲ್ಲ.) ಅಣ್ಣನ ಮಗ ತನ್ನ ಕಾಲೇಜು ಬ್ಯಾಂಡಿನ ಹಾಡು ಕಳಿಸಿ, "ಅತ್ತೆ, ಇದಕ್ಕೊಂದು ವಿಡಿಯೋ ಮಾಡ್ತಿದ್ದೇವೆ, ಪ್ಲಾನಿಂಗ್ ನೀನು ನೋಡ್ಕೋ" ಅಂದಾಗ ನಾನು ಮೊದಲು ಮಾಡಿದ್ದು ಈ ಗುಣಾಕಾರ. ಐರೋಲಿಯ ಐಟಿ ಪಾರ್ಕಿನಲ್ಲಿ ಹದಿಮೂರು ವರ್ಷದಿಂದ ಬೇರೆಯವರ ಪ್ರಾಜೆಕ್ಟಿಗೆ ಎಕ್ಸೆಲ್ ಹಾಳೆ ತುಂಬುತ್ತ ಬಂದವಳು ನಾನು. 90 ಸಾಲಿನ ಹಾಳೆಯೊಂದು ತಯಾರಾಯಿತು. ಸಾಲಿಗೊಂದು ಬಾರ್. ಎದುರಿಗೆ 'ಜಾಗ' ಎಂಬ ಕಾಲಮ್ಮು, ಪೂರ್ತಿ ಖಾಲಿ.

ಹಾಡಿನ ಹೆಸರು 'ಮಾಣಿ'. ನಮ್ಮ ಕುಂದಾಪುರದ ಕಡೆ ಮಾಣಿ ಅಂದರೆ ಹುಡುಗ. ಮುಂಬಯಿಯ ಹೋಟೆಲಿನಲ್ಲಿ ಮಾಣಿ ಅಂದರೆ ನೀರಿನ ಗ್ಲಾಸು ತಂದಿಡುವವನು. ನಮ್ಮ ಹುಡುಗ ಹುಟ್ಟಿದ್ದು, ಬೆಳೆದದ್ದು ಡೋಂಬಿವಲಿಯಲ್ಲಿ. ಮನೆಯಲ್ಲಿ ಕುಂದಗನ್ನಡ ಚೆನ್ನಾಗಿಯೇ ಆಡುತ್ತಾನೆ, ಓದಲು ಮಾತ್ರ ಬಾರದು. ಹಾಗಾಗಿ ಹಾಡು ಬರೆದಿರುವುದು ದೇವನಾಗರಿಯಲ್ಲಿ. ಎರಡು ಗಿಟಾರು, ಒಂದು ಬೇಸ್, ಒಂದು ಡ್ರಮ್ಸ್. ಕರಾವಳಿಯ ಹಾಡು ಅಂದಮೇಲೆ ಚಂಡೆ ಇರಲಿ ಎಂದು ಡ್ರಮ್ಸ್ ಬಾರಿಸುವ ಹುಡುಗನೇ ಹೇಳಿದನಂತೆ. ಇವನು ಒಪ್ಪಲಿಲ್ಲ. "ಚಂಡೆ ಹಾಕಿದ ಕೂಡಲೇ ಎಲ್ಲರೂ ಅದನ್ನೇ ಕೇಳ್ತಾರೆ, ಮಾತು ಕೇಳೂದಿಲ್ಲ." ಅವನ ಬಗ್ಗೆ ನನಗೆ ಗೌರವ ಬಂದದ್ದು ಆಗಲೇ. ಕನ್ನಡದಲ್ಲಿ ರಾಕ್ ಯಾರು ಕೇಳುತ್ತಾರೆ ಎಂದು ಅಣ್ಣ ತಕರಾರು ತೆಗೆದಿದ್ದ. ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ಇದೇ ಮುಂಬಯಿಯ ವಿಶಾಲ್-ಶೇಖರ್ ಅವರ ಲೇಬಲ್ಲಿನಿಂದ ಎಂದು ಹುಡುಗ ಬಾಯಿ ಮುಚ್ಚಿಸಿದ.

ಹಾಡಿನ ಮಾಣಿ ಅವನ ಅಜ್ಜಯ್ಯ, ಅಂದರೆ ನನ್ನ ಅಪ್ಪಯ್ಯ. 1959ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಪುಣೆಯಲ್ಲಿ ಇಳಿದು ಇನ್ನೊಂದು ರೈಲು ಹತ್ತಿ ಬಂದವರು. ಆಗ ಕೊಂಕಣ ರೈಲು ಯಾರ ಕನಸಿನಲ್ಲೂ ಇದ್ದಿರಲಾರದು. ಅದು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಫೋರ್ಟಿನ ಬೋರಾ ಬಜಾರಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ಸಂಜೆ ರಾತ್ರಿಶಾಲೆಗೆ ಹೋಗುತ್ತ ಮೆಟ್ರಿಕ್ ಮುಗಿಸಿದರು. ಆಮೇಲೆ ಬ್ಯಾಂಕಿನ ಗುಮಾಸ್ತರಾದರು. ಇಂಥ ಕತೆ ನಿಮ್ಮ ಮನೆಯಲ್ಲೂ ಒಂದಿರಬಹುದು. ಮುಂಬಯಿಯ ಅರ್ಧದಷ್ಟು ಕನ್ನಡ ಸಂಘಗಳ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಹೇಳುವುದು ಇದನ್ನೇ. ಹಾಗಾಗಿಯೇ ಇದನ್ನು ಚಿತ್ರಿಸುವುದು ಕಷ್ಟ. ಎಲ್ಲರಿಗೂ ಗೊತ್ತಿರುವ ಚಿತ್ರವೇ ಮೊದಲು ಕಣ್ಣಿಗೆ ಬರುತ್ತದೆ.

ನಿರ್ದೇಶನ ಮಾಡುವವಳು ಹುಡುಗನ ಸಹಪಾಠಿ, ಸಾತಾರಾದ ಹುಡುಗಿ. ಕನ್ನಡ ಒಂದಕ್ಷರ ಬಾರದು, ಆದರೆ ಕ್ಯಾಮೆರಾ ಹಿಡಿದರೆ ಕೈ ಅಲುಗುವುದಿಲ್ಲ. ಅವಳು ತಂದ ಪಟ್ಟಿಯಲ್ಲಿ 14 ಜಾಗಗಳಿದ್ದವು. ಮರೀನ್ ಡ್ರೈವ್, ಲೋಕಲಿನ ಬಾಗಿಲು, ಕಪ್ಪು ಹಳದಿ ಟ್ಯಾಕ್ಸಿ, ಡಬಲ್ ಡೆಕರ್ ಬಸ್ಸು, ಸಿಎಸ್‌ಎಂಟಿಯ ಗುಮ್ಮಟ, ಡ್ರೋನಿನಿಂದ ಧಾರಾವಿ. ಮುಂಬಯಿಯ ಮೇಲೆ ಇದುವರೆಗೆ ಬಂದ ಹಾಡುಗಳೆಲ್ಲ ಆ ಒಂದೇ ಹಾಳೆಯಲ್ಲಿದ್ದವು! ಒಂದೊಂದನ್ನೇ ಹೊಡೆದುಹಾಕುತ್ತ ಬಂದೆವು. ಹಳೆಯ ಪದ್ಮಿನಿ ಟ್ಯಾಕ್ಸಿಯೂ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರೂ 2023ರಲ್ಲೇ ರಸ್ತೆ ಬಿಟ್ಟವು. ಲೋಕಲಿನೊಳಗೆ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು, ನಮ್ಮ ಒಟ್ಟು ಬಜೆಟ್ಟು 18 ಸಾವಿರ. ಬಾಗಿಲಲ್ಲಿ ನೇತಾಡುತ್ತ ಗಿಟಾರು ಬಾರಿಸುವುದಕ್ಕಂತೂ ಯಾರು ಅನುಮತಿ ಕೊಟ್ಟರೂ ಈ ಅತ್ತೆ ಕೊಡುವುದಿಲ್ಲ. ಡ್ರೋನಿಗೆ 2021ರ ನಿಯಮಗಳಿವೆ, ನಡುವೆ ವಿಮಾನ ನಿಲ್ದಾಣವಿದೆ, ಪೊಲೀಸರ ನಿಷೇಧಾಜ್ಞೆ ಆಗಾಗ ಬರುತ್ತಿರುತ್ತದೆ. ಕೊನೆಗೆ ಉಳಿದದ್ದು ಮೂರು. ಅದರಲ್ಲಿ ಮೊದಲನೆಯದು ಮಾಟುಂಗಾ.

ಒಂದು ಶನಿವಾರ ಮಧ್ಯಾಹ್ನ ನಾವು ನಾಲ್ವರೂ, ಅಂದರೆ ಹುಡುಗ, ನಿರ್ದೇಶಕಿ, ಅಪ್ಪಯ್ಯ ಮತ್ತು ನಾನು, ಮಾಟುಂಗಾದಲ್ಲಿ ಇಳಿದೆವು. 2017ರಿಂದ ಹೆಂಗಸರೇ ನಡೆಸುತ್ತಿರುವ ನಿಲ್ದಾಣ ಅದು. ಹೊರಬಂದರೆ ಹೂವಿನ ಅಂಗಡಿ, ಬಾಳೆಲೆ, ಹುರಿದ ಕಾಫಿಯ ಘಮ. ನಿಲ್ದಾಣದ ಎದುರಿಗೇ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಅಲ್ಲಿ ಎಲೆಯೂಟ ಮುಗಿಸಿದೆವು. ಊಟದ ನಂತರ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನತ್ತ ಒಂದು ಸುತ್ತು. ಅದು 1926ರದು. ಹುಡುಗಿಗೆ ಎಲ್ಲವೂ ಬೆರಗು. ಅವಳ ಫೋನಿನ ತುಂಬ ಬಾಳೆಲೆ, ಹಿತ್ತಾಳೆ ಲೋಟ, ಕನ್ನಡ ಅಕ್ಷರದ ಬೋರ್ಡುಗಳು.

ಪರಿಚಯದವರ ಹೋಟೆಲು ಇನ್ನೊಂದಿತ್ತು, ಹೆಸರು ಬೇಡ. ಮೂರರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ, ಆಗ ಬೇಕಾದರೆ ತೆಗೆಯಿರಿ ಎಂದು ಮ್ಯಾನೇಜರು ಪ್ರೀತಿಯಿಂದಲೇ ಹೇಳಿದರು. ಕಲ್ಲಿನ ಟೇಬಲ್ಲುಗಳು, ಗೋಡೆಗೆ ಕನ್ನಡಿ, ತಲೆಯ ಮೇಲೆ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಜ್, ಶಟರನ್ನು 1/50ಕ್ಕೋ 1/100ಕ್ಕೋ ಇಟ್ಟರೆ ಬೆಳಕು ಮಿಣುಕುವುದಿಲ್ಲ ಎಂದು ಹುಡುಗಿ ನನಗೆ ವಿವರಿಸುತ್ತಿದ್ದಳು. ವಿವರಿಸುತ್ತಲೇ ಅಪ್ಪಯ್ಯನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು: "ಆಜೋಬಾ, ನೀವು ಈ ಟೇಬಲ್ ಒರೆಸುತ್ತೀರಿ. ನಿಮ್ಮ ಕೈ ಮಾತ್ರ, ತೀರ ಹತ್ತಿರದಿಂದ. ಅಲ್ಲಿಂದ ಹಾಡು ಶುರು."

ತಪ್ಪಿಲ್ಲದ ಯೋಚನೆ. ನನ್ನ ಹಾಳೆಯಲ್ಲಿ ಮೊದಲ ನಾಲ್ಕು ಬಾರಿನ ಎದುರಿಗೆ ಅದನ್ನೇ ಬರೆದಾಗಿತ್ತು.

ಅಪ್ಪಯ್ಯನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ಅವರು ಅವಳಿಗೆ ಉತ್ತರ ಕೊಡಲಿಲ್ಲ. ಮೊಮ್ಮಗನ ಕಡೆ ನೋಡಿ ಊರಿನ ಮಾತಲ್ಲಿ ಅಂದರು: "ಆ ಬಟ್ಟಿ ಕೆಳಗಿಡ್ಕಾರೆ ನಂಗೆ ಏಳ್ ವರ್ಷ ಹಿಡ್ದಿತ್ತ್ ಮಾಣಿ. ಇನ್ನ್ ಅದನ್ನ ಕೈಯಗೆ ಹಿಡೂದಿಲ್ಲ."

ಹುಡುಗ ಅದನ್ನು ಮರಾಠಿಗೆ ತರಬೇಕಾಯಿತು. ಒಂದು ಸಲ ಶುರುಮಾಡಿ ನಿಲ್ಲಿಸಿದ, ಮತ್ತೆ ಹೇಳಿದ. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಅದೇ ಟೇಬಲ್ಲು ಒರೆಸಲು ಬಂದವನು ಒಡಿಶಾದ ಹುಡುಗ. ವಯಸ್ಸು ಎಷ್ಟು, ಓದುತ್ತೀಯಾ ಎಂದು ಅಪ್ಪಯ್ಯ ಹಿಂದಿಯಲ್ಲಿ ವಿಚಾರಿಸಿದರು. ಹತ್ತೊಂಬತ್ತಂತೆ. ಫೋನಿನಲ್ಲಿ ವಿಡಿಯೋ ನೋಡಿ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನಂತೆ. ಹುಡುಗಿಯ ಕ್ಯಾಮೆರಾ ಚೀಲದಿಂದ ಹೊರಬರಲೇ ಇಲ್ಲ.

ಡೋಂಬಿವಲಿಗೆ ಮರಳುವ ಗಾಡಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ನಿಮಗೆ ಯಾವುದನ್ನು ತೋರಿಸಬೇಕು ಅನಿಸುತ್ತದೆ, ಆಜೋಬಾ?" ಅಪ್ಪಯ್ಯ ಕುರ್ಲಾ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಅಂದರು, "ದಾರಿ."

ಊರಲ್ಲಿದ್ದಾಗ ಮುಂಬಯಿ ನನಗೆ ಗೊತ್ತಿದ್ದದ್ದು ಅಪ್ಪಯ್ಯನ ಮನಿಯಾರ್ಡರಿನಿಂದ. ಆಮೇಲೆ ಯಶವಂತ ಚಿತ್ತಾಲರ 'ಶಿಕಾರಿ'ಯಿಂದ, ಜಯಂತ ಕಾಯ್ಕಿಣಿಯವರ ಕತೆಗಳಿಂದ. ಕೆಲಸಕ್ಕೆಂದು ಬಂದ ಮೇಲೆ ಐರೋಲಿ, ಠಾಣೆ, ಮಾಲು, ಮಗಳ ಶಾಲೆ, ಇಷ್ಟರಲ್ಲೇ ಊರು ಮುಗಿದುಹೋಗಿತ್ತು. ಫೋರ್ಟಿನಲ್ಲಿ ಅಪ್ಪಯ್ಯನ ಜೊತೆ ನಡೆದದ್ದು ಅದೇ ಮೊದಲ ಸಲ, ಅದೂ ಹಾಡಿನ ನೆಪದಲ್ಲಿ.

ಒಂದು ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಸಂಜೆ ಐದೂವರೆಗೆ ಸಿಎಸ್‌ಎಂಟಿಯ ಎದುರು ಸೇರಿದೆವು. ಅಪ್ಪಯ್ಯನಿಗೆ ಅದು ಇಂದಿಗೂ ಬೋರಿಬಂದರು. ಅಲ್ಲಿಂದ ದಾದರಿಗೆ ಟ್ರಾಮ್ ಇತ್ತು, 1964ರ ಮಾರ್ಚ್ 31ರಂದು ಕೊನೆಯ ಟ್ರಾಮ್ ಓಡಿದ್ದೂ ಅದೇ ದಾರಿಯಲ್ಲಿ. ಆಗ ಅವರಿಗೆ ಹದಿನೇಳು. ಹಳಿಗಳಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಈಗ ಅಲ್ಲಿ ಬಸ್ಸುಗಳ ಸಾಲು. ಬೋರಾ ಬಜಾರಿಗೆ ಹೊಕ್ಕೆವು. ಲಗ್ನಪತ್ರಿಕೆ, ಸ್ಟೇಷನರಿ, ಬ್ಯಾಗು, ಫೋನಿನ ಕವರು. ಅವರ ಹೋಟೆಲಿದ್ದ ಮಳಿಗೆಯಲ್ಲಿ ಈಗ ಸೂಟ್‌ಕೇಸು ಮಾರುತ್ತಾರೆ. ನನಗೆ ಗಂಟಲು ಬಿಗಿಯಬಹುದು ಅಂದುಕೊಂಡಿದ್ದೆ, ಅಪ್ಪಯ್ಯನಿಗೆ ಏನೂ ಅನಿಸಿದ ಹಾಗೆ ಕಾಣಲಿಲ್ಲ. "ಹಿಂದಿನ ಬಾಗಿಲು ಈ ಕಡೆ ಇತ್ತು, ಎರಡು ಮೆಟ್ಟಿಲು. ಅಲ್ಲೇ ಕೈಕಾಲು ತೊಳೆದುಕೊಂಡು ಹೊರಡುವುದು" ಎಂದು ಗಲ್ಲಿಯ ಮೂಲೆ ತೋರಿಸಿದರು. ಎರಡು ಮೆಟ್ಟಿಲು ಹಾಗೆಯೇ ಇವೆ.

ಬೆಳಗ್ಗೆ ಐದಕ್ಕೆ ಕೆಲಸ ಶುರು. ಸಂಜೆ 6.15ಕ್ಕೆ ಧಣಿ ಬಿಡುತ್ತಿದ್ದರು, ಏಳಕ್ಕೆ ಮುಂಚೆ ಬೆಂಚಿನ ಮೇಲೆ ಕೂತಿರಬೇಕು. ಹಗಲಿನಲ್ಲಿ ಚಿಕ್ಕ ಮಕ್ಕಳು ಕೂರುವ ಬೆಂಚು, ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ ಎಂದು ನಕ್ಕರು. ಬೋರಾ ಬಜಾರಿನಿಂದ ಹೊರಬಿದ್ದು ದಾದಾಭಾಯಿ ನವರೋಜಿ ರಸ್ತೆಗೆ ಬಂದು, ಅದರ ಕಮಾನುಗಳ ಕೆಳಗೆ ದಕ್ಷಿಣಕ್ಕೆ ನಡೆದು, ಫ್ಲೋರಾ ಫೌಂಟನ್ ದಾಟಿ ಶಾಲೆ. ಅದು ಹುತಾತ್ಮ ಚೌಕವಾದದ್ದು ಅವರ ಶಾಲೆಯ ದಿನಗಳಲ್ಲೇ, ಆದರೂ ಹಳೆಯ ಹೆಸರೇ ಬಾಯಿಗೆ ಬರುತ್ತದೆ.

ನೀವು ಆ ರಸ್ತೆಯಲ್ಲಿ ಕೆಲಸದ ದಿನ ಸಂಜೆ ಆರೂವರೆಗೆ ನಡೆದಿದ್ದರೆ ಗೊತ್ತಿರುತ್ತದೆ. ಫೋರ್ಟಿನ ಬ್ಯಾಂಕು, ಕೋರ್ಟು, ಕಂಪನಿಗಳೆಲ್ಲ ಒಟ್ಟಿಗೆ ಬಾಗಿಲು ತೆರೆದು ಜನರನ್ನು ಹೊರಗೆ ಬಿಡುತ್ತವೆ. ಅಷ್ಟೂ ಜನ ಉತ್ತರಕ್ಕೆ, ಸಿಎಸ್‌ಎಂಟಿಗೆ. ಯಾರೂ ಓಡುವುದಿಲ್ಲ, ಯಾರೂ ನಿಲ್ಲುವುದೂ ಇಲ್ಲ. ಕಮಾನುಗಳ ಕೆಳಗೆ ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಕಂಬ, ನಡುವೆ ಉಳಿದ ಜಾಗದಲ್ಲಿ ಈ ಪ್ರವಾಹ. ನಾವು ನಾಲ್ವರು ದಕ್ಷಿಣಕ್ಕೆ ಮುಖ ಮಾಡಿ ಅದರೊಳಗೆ ಹೊಕ್ಕೆವು. ಒಬ್ಬನ ಬ್ಯಾಗು ನನ್ನ ಭುಜಕ್ಕೆ ಬಡಿಯಿತು, ಇನ್ನೊಬ್ಬರ ಟಿಫಿನ್ ಡಬ್ಬಿ ಮೊಣಕೈಗೆ. ಎಪ್ಪತ್ತೆಂಟರ ಅಪ್ಪಯ್ಯ ಮಾತ್ರ ಕಂಬಗಳ ಪಕ್ಕಕ್ಕೇ ಆತುಕೊಂಡು, ಎಡಗೈ ಕಂಬಕ್ಕೆ ತಾಗಿಸುತ್ತ ತಾಗಿಸುತ್ತ, ಯಾರಿಗೂ ಸೋಕದೆ ಮುಂದೆ ಹೋಗಿಬಿಟ್ಟಿದ್ದರು. ಏಳು ವರ್ಷ ಪ್ರತಿದಿನ ಗುಂಪಿಗೆ ಎದುರಾಗಿ ನಡೆದವರ ಕೈಗೆ ಕಂಬಗಳ ಲೆಕ್ಕ ಇನ್ನೂ ನೆನಪಿದೆ!

ನಿರ್ದೇಶಕಿ ನಿಂತುಬಿಟ್ಟಳು. "ಇದೇ" ಅಂದಳು.

ಶಾಲೆಯಿದ್ದ ಕಟ್ಟಡವನ್ನೂ ನೋಡಿದೆವು. ಆಫೀಸುಗಳಾಗಿವೆ, ವಾಚ್‌ಮನ್ ಒಳಗೆ ಬಿಡಲಿಲ್ಲ, ನಮಗೂ ಒಳಗೆ ಹೋಗಬೇಕೆಂಬ ಹಟ ಉಳಿದಿರಲಿಲ್ಲ. ಮುಂಬಯಿಯಲ್ಲಿ ಕನ್ನಡಿಗರ ರಾತ್ರಿಶಾಲೆಗಳ ಚರಿತ್ರೆಯೇ ಒಂದು ಪುಸ್ತಕದಷ್ಟಿದೆ, ಅದನ್ನು ಬಲ್ಲವರು ಬರೆಯಲಿ. ವಾಪಸು ಹೋಗುವಾಗ ಹುಡುಗ ಧೋಬಿ ತಲಾವಿನ ಕಡೆಗೆ ಎಳೆದುಕೊಂಡು ಹೋದ. ಅವನ ತೀರ್ಥಕ್ಷೇತ್ರ ಅಲ್ಲಿದೆ. ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದ ರಂಗಭವನ, ಬಯಲು ರಂಗಮಂದಿರ. 1986ರಲ್ಲಿ ಶುರುವಾದ 'ಇಂಡಿಪೆಂಡೆನ್ಸ್ ರಾಕ್' ವರ್ಷಗಟ್ಟಲೆ ನಡೆದದ್ದು ಅಲ್ಲಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ ಎಂಬ ನಿಯಮ ಬಂದ ಮೇಲೆ ಅದರ ಸದ್ದಡಗಿತು. ಬೀಗ ಹಾಕಿದ ಗೇಟಿನ ಮುಂದೆ ನಿಂತು ಅವನು ಅಜ್ಜಯ್ಯನಿಗೆ ಯಾವ ಯಾವ ಬ್ಯಾಂಡು ಬಾರಿಸಿತ್ತು ಎಂದು ಹೇಳುತ್ತಿದ್ದ. ಅಜ್ಜಯ್ಯ, "ಇಲ್ಲಿ ಭಾರೀ ಗಲಾಟೆ ಇರ್ತಿತ್ತ್" ಅಂದರು. ಆಫೀಸು ಬಿಟ್ಟು ಈ ಕಡೆ ಬಂದಾಗ ಕೇಳಿಸಿಕೊಂಡಿದ್ದಾರೆ ಎಂದಾಯಿತು. ಹುಡುಗನಿಗೆ ಅದೇ ದೊಡ್ಡ ಖುಷಿ.

ಇನ್ನು ಲೆಕ್ಕಾಚಾರ. ಈ ಭಾಗ ನನ್ನದು, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ.

ಹಾಡುವವನು ಮಾಮೂಲಿ ವೇಗದಲ್ಲಿ ನಡೆಯಬೇಕು, ತುಟಿ ಹಾಡಿಗೆ ಕೂಡಬೇಕು, ಎದುರಿನ ಗುಂಪು ಮಾತ್ರ ಎರಡು ಪಟ್ಟು ವೇಗದಲ್ಲಿ ನುಗ್ಗಿ ಬರಬೇಕು. ಕಂಪ್ಯೂಟರಿನ ಮಾಯೆ ಬೇಕಿಲ್ಲ. ಹಾಡನ್ನು ಅರ್ಧ ವೇಗದಲ್ಲಿ, ಅಂದರೆ ನಿಮಿಷಕ್ಕೆ 48 ಬಡಿತದಲ್ಲಿ ಅವನ ಕಿವಿಗೆ ಕೇಳಿಸುವುದು. ಅವನು ಆ ನಿಧಾನದಲ್ಲೇ ತುಟಿಯಾಡಿಸಿ, ಅರ್ಧ ವೇಗದಲ್ಲೇ ನಡೆಯುವುದು. ಸೆಕೆಂಡಿಗೆ 25 ಚೌಕಟ್ಟು ತೆಗೆದು, ಎಡಿಟಿಂಗಿನಲ್ಲಿ ಒಂದು ಬಿಟ್ಟು ಒಂದನ್ನು ಕಳೆದರೆ ಎಲ್ಲವೂ ದುಪ್ಪಟ್ಟು ವೇಗ ಪಡೆಯುತ್ತದೆ. ಅವನು ಸರಿಯಾದ ವೇಗಕ್ಕೆ ಬರುತ್ತಾನೆ, ಲೋಕ ಧಾವಿಸುತ್ತದೆ. ಶಟರು 1/25, ಆಗ ಜನರ ಅಂಚು ಚೂರು ಕದಡಿದ ಹಾಗೆ ಮೂಡುತ್ತದೆ. ತೆರೆಯ ಮೇಲೆ 8 ಬಾರ್, ಅಂದರೆ 20 ಸೆಕೆಂಡು. ಬೀದಿಯಲ್ಲಿ 40. ನಾನು ಹೆಜ್ಜೆ ಹಾಕಿ ಅಳೆದಂತೆ ಅಷ್ಟರಲ್ಲಿ ಅವನು ಆರು ಕಮಾನು ದಾಟಬೇಕು.

ಅರ್ಧ ವೇಗದಲ್ಲಿ ನಡೆಯುವುದು ಸುಲಭವಲ್ಲ. ಅಣ್ಣನ ಸೊಸೈಟಿಯ ಪಾರ್ಕಿಂಗಿನಲ್ಲಿ ಹುಡುಗ ನಾಲ್ಕು ದಿನ ಅಭ್ಯಾಸ ಮಾಡಿದ. ರೆಪ್ಪೆ ಬಡಿಯುವುದೂ ನಿಧಾನವಾಗಬೇಕು, ಇಲ್ಲದಿದ್ದರೆ ತೆರೆಯಲ್ಲಿ ಕಣ್ಣು ಪಟಪಟ ಅನ್ನುತ್ತದೆ. ಹಾಲು ತರಲು ಬಂದವರು ನಿಂತು ನೋಡಿದರು. ಒಬ್ಬರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ಮಗನಿಗೆ ಹುಷಾರಿಲ್ಲವಾ ಎಂದು ಕೇಳಿದರಂತೆ. ಅರ್ಧ ವೇಗದ ಹಾಡು ಕೇಳಿದ ಅಪ್ಪಯ್ಯನಿಗೆ ಮಾತ್ರ ಅದೇ ಇಷ್ಟವಾಗಿಬಿಟ್ಟಿತು. "ಹೀಂಗೇ ಇರ್ಲಿ ಕಾಣ್, ಈಗ ಮಾತ್ ಕೇಂತಿತ್ತ್."

ಬೀದಿಯಲ್ಲಿ ಸ್ಪೀಕರ್ ಹಚ್ಚುವ ಹಾಗಿಲ್ಲ, ಹಚ್ಚಿದರೆ ಜನ ನಿಂತು ನೋಡುತ್ತಾರೆ, ನಿಂತರೆ ಗುಂಪಿನ ಓಟವೇ ಹೋಯಿತು. ಕ್ಯಾಮೆರಾಕ್ಕೆ ಕಾಣದ ಕಿವಿಗೆ ಇಯರ್‌ಫೋನ್. ಸ್ಟ್ಯಾಂಡ್ ಬೇಡ, ಲೈಟು ಬೇಡ, ಒಟ್ಟು ನಾಲ್ಕೇ ಜನ. ಕಾಲೇಜಿನ ಪತ್ರವನ್ನು ಮೊದಲೇ ಪೊಲೀಸ್ ಠಾಣೆಗೆ ಕೊಟ್ಟು ಮಾತಾಡಿಕೊಂಡು ಬಂದಿದ್ದೇವೆ. ಫೆಬ್ರವರಿ ನಡುವಿಗೆ ಮುಂಬಯಿಯಲ್ಲಿ ಸೂರ್ಯ ಮುಳುಗುವುದು ಹತ್ತಿರ ಹತ್ತಿರ 6.40ಕ್ಕೆ. ಅಂಗಡಿ ದೀಪ ಹತ್ತಿ, ಆಕಾಶದಲ್ಲೂ ಬೆಳಕು ಉಳಿದಿರುವ ಹೊತ್ತು 6.25ರಿಂದ 6.55. ಒಂದು ಸಲ ತೆಗೆದು ಹಿಂದಕ್ಕೆ ಬಂದು ಮತ್ತೆ ನಿಲ್ಲಲು ನಾಲ್ಕು ನಿಮಿಷವಾದರೂ ಬೇಕು. ಏಳು ಅವಕಾಶ. ಶನಿವಾರ, ಭಾನುವಾರ ಗುಂಪಿರುವುದಿಲ್ಲ. ಸೋಮವಾರ, ಶುಕ್ರವಾರ ನನ್ನಂಥವರು ಮನೆಯಿಂದಲೇ ಕೆಲಸ ಮಾಡುತ್ತೇವೆ. ಹಾಗಾಗಿ ಬುಧವಾರ. ರಜೆಯ ಅರ್ಜಿಯಲ್ಲಿ ಕಾರಣ 'ವೈಯಕ್ತಿಕ' ಎಂದು ಬರೆದೆ.

ಉಳಿದ ಬಾರುಗಳಿಗೂ ಜಾಗ ಸಿಕ್ಕಿದೆ. ಬ್ಯಾಂಡು ಬಾರಿಸುವುದು ಡೋಂಬಿವಲಿಯಲ್ಲೇ, ಅವರು ಅಭ್ಯಾಸ ಮಾಡುವ ಗ್ಯಾರೇಜಿನಲ್ಲಿ. ಆ ಎರಡು ಮೆಟ್ಟಿಲೂ ಇವೆ, ಸೂಟ್‌ಕೇಸಿನ ಅಂಗಡಿಯವರು ಹೂಂ ಅಂದಿದ್ದಾರೆ. ಹೋಟೆಲು ಇಲ್ಲ, ಬಾಳೆಲೆ ಇಲ್ಲ. ಹುಡುಗಿಗೆ ಹಿತ್ತಾಳೆ ಲೋಟದ ಮೇಲೆ ಇನ್ನೂ ಆಸೆಯಿದೆ, ನಾನು ಕಂಡೂ ಕಾಣದಂತಿದ್ದೇನೆ.

ಅಪ್ಪಯ್ಯನ ವಿಷಯ ಮಾತ್ರ ಕೊನೆಯವರೆಗೆ ತೀರ್ಮಾನವಾಗಿರಲಿಲ್ಲ. ಅವರನ್ನು ಯಾರೂ ಮತ್ತೆ ಕೇಳಿರಲೂ ಇಲ್ಲ. ಹೋದ ಭಾನುವಾರ ಹಾಳೆಯ ಪ್ರಿಂಟು ತೋರಿಸುತ್ತಿದ್ದಾಗ ಅವರೇ ಕನ್ನಡಕ ಏರಿಸಿ 61ರಿಂದ 68ರವರೆಗಿನ ಬಾರುಗಳ ಸಾಲಿನ ಮೇಲೆ ಬೆರಳಿಟ್ಟರು. "ಮಾಣಿ ಈಚೆಯಿಂದ ಹೋತ. ನಾನ್ ಆಚೆಯಿಂದ ಬತ್ತೆ."

ಗುಂಪಿನ ಜೊತೆಗೆ, ಬೋರಿಬಂದರಿನ ಕಡೆಗೆ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಬ್ಯಾಂಕಿನ ಕಾಲದ ರೆಕ್ಸಿನ್ ಚೀಲ. ನಾಲ್ಕನೆಯ ಕಮಾನಿನ ಹತ್ತಿರ ಇಬ್ಬರೂ ಎದುರಾಗಿ ದಾಟುತ್ತಾರೆ, ಒಬ್ಬರನ್ನೊಬ್ಬರು ನೋಡುವುದಿಲ್ಲ. ಒಂದೇ ತೊಡಕಿದೆ ಎಂದು ನಿರ್ದೇಶಕಿ ಅಂಜುತ್ತ ಹೇಳಿದಳು: ಆಜೋಬಾ ತಮ್ಮ ನಡಿಗೆಯಲ್ಲೇ ಬಂದರೂ ತೆರೆಯ ಮೇಲೆ ದುಪ್ಪಟ್ಟು ವೇಗದಲ್ಲಿ ಕಾಣುತ್ತಾರೆ, ವಯಸ್ಸಾದವರು ಹಾಗೆ ಸರಸರನೆ ಹೋಗುವುದು ನಗೆಪಾಟಲಾದೀತು.

"ಆಗ ನಾನು ಅದೇ ವೇಗದಲ್ಲಿ ನಡೆಯುತ್ತಿದ್ದದ್ದು" ಎಂದು ಅಪ್ಪಯ್ಯ ಈ ಸಲ ಅವಳಿಗೇ, ಮರಾಠಿಯಲ್ಲೇ ಉತ್ತರ ಕೊಟ್ಟರು. "6.42ರ ಡೋಂಬಿವಲಿ ತಪ್ಪಿಸಿಕೊಂಡರೆ ಕೂರಲು ಜಾಗ ಸಿಗುತ್ತಿರಲಿಲ್ಲ."